ಬಾಗಿದ ಮರದ ಒಳಮೈ

ಮರ ಕೊಯ್ಯುವ ಮೆಷಿನ್ ಮನೆಗೆ ಬಂದ ದಿನ ಅಮ್ಮ ಹಾಕಿದ ಷರತ್ತು ಒಂದೇ: ಅಪ್ಪ ಒಬ್ಬರೇ ಇರುವಾಗ ಅದರ ಸ್ಟಾರ್ಟಿನ ಹಗ್ಗ ಎಳೆಯಬಾರದು. ಹಿಂದೆ ಯಾರಾದರೂ ನಿಂತಿರಲೇಬೇಕು. ಆ ಯಾರಾದರೂ ನಾನೇ ಆದೆ. ಕಡಬದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಹಗಲು ಮನೆಯಲ್ಲಿರುವುದು ಭಾನುವಾರ ಮಾತ್ರ. ಹಾಗಾಗಿ ನಮ್ಮಲ್ಲಿ ಸೌದೆ ಕೊಯ್ಯುವುದು ಭಾನುವಾರವೇ.

ಹಿಂದೆ ನಿಂತು ಮಾಡಬೇಕಾದದ್ದೇನು ಎಂಬುದು ಮೊದಲ ಭಾನುವಾರವೇ ಪ್ರಶ್ನೆಯಾಯಿತು. ಮೆಷಿನ್ ಓಡುವಾಗ ಎಷ್ಟು ಕೂಗಿದರೂ ಕೇಳುವುದಿಲ್ಲ. ಅಪ್ಪ ಕಿವಿಗೆ ಹತ್ತಿ ಬೇರೆ ತುರುಕಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಭುಜ ಮುಟ್ಟಿದರೆ ಬೆಚ್ಚಿ ತಿರುಗುತ್ತಾರೆ. ಅವರು ತಿರುಗಿದರೆ ಓಡುವ ಚೈನೂ ಜೊತೆಗೆ ತಿರುಗುತ್ತದೆ. ಅಟ್ಟದಲ್ಲಿ ಹಳೆಯ ದೋಟಿ ಇತ್ತು, ಮೊದಲು ಮಾವಿನಕಾಯಿ ಕೊಯ್ಯುತ್ತಿದ್ದ ಬಿದಿರಿನ ಉದ್ದ ಕೋಲು. ಅದರ ತುದಿಗೆ ಬಟ್ಟೆ ಸುತ್ತಿದೆ. ದೋಟಿ ಬೆನ್ನಿಗೆ ತಾಗಿದರೆ ಮೆಷಿನ್ ನಿಲ್ಲಿಸಬೇಕು, ಕಾರಣ ಆಮೇಲೆ ಕೇಳಬೇಕು ಎಂದು ನಿಯಮ ಮಾಡಿದೆ.

"ಎಂತ, ಎತ್ತಿಗೆ ಚುಚ್ಚಿದ ಹಾಗೆ ಚುಚ್ಚುದಾ ನನ್ನನ್ನು?" ಎಂದರು ಅಪ್ಪ.

"ಎತ್ತಿಗೆ ಚುಚ್ಚಿದ್ರೆ ಮುಂದೆ ಹೋಗ್ತದೆ. ನೀವು ನಿಲ್ಬೇಕು. ಅಷ್ಟೇ ವ್ಯತ್ಯಾಸ" ಎಂದಳು ಅಮ್ಮ, ಅಂಗಳದಿಂದ.

ನನಗೆ ಬರೆದಿಡುವ ಅಭ್ಯಾಸ. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಮೆಷಿನ್ ಹತ್ತೊಂಬತ್ತು ಟ್ಯಾಂಕ್ ಪೆಟ್ರೋಲ್ ಕುಡಿಯಿತು. ಚೈನಿನ ಹಲ್ಲಿಗೆ ಹನ್ನೊಂದು ಸಲ ಅರ ಹಾಕಿದೆವು. ದೋಟಿ ಮುಟ್ಟಿಸಿದ್ದು ಇಪ್ಪತ್ತಾರು ಸಲ. ಅಪ್ಪ ಕೂಡಲೇ ನಿಲ್ಲಿಸಿದ್ದು ಹದಿನೇಳು ಸಲ. ಉಳಿದ ಒಂಬತ್ತು ಸಲ ಎಡಗೈ ಎತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡಿ, ಹಿಡಿದ ಕೊಂಬೆ ಮುಗಿಸಿಯೇ ತಿರುಗಿದರು. ಓಡುವ ಮೆಷಿನ್‌ನಿಂದ ಒಂದು ಕೈ ತೆಗೆಯುವುದೇ ತಪ್ಪು ಎಂದು ನಾನು ಹೇಳಿದಾಗ, "ಆಯ್ತು ಮಾರಾಯ್ತಿ, ಬರ್ಕೊ" ಎಂದು ನಕ್ಕರು. ನಾನು ಬರೆದುಕೊಂಡೆ.

ಮೇ ತಿಂಗಳ ಮೊದಲ ವಾರ ಸಂಜೆ ಗಾಳಿ ಬಂತು. ಮಳೆ ಹತ್ತು ಹನಿ, ಗಾಳಿಯೇ ಹೆಚ್ಚು. ತೋಟದ ಮೇಲಿನ ಬರೆಯಲ್ಲಿ, ಆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ನಿಂತಿದ್ದ ಹೆಬ್ಬಲಸು ಮರ ಬುಡಸಮೇತ ಕಿತ್ತು ತೋಟದೊಳಗೆ ತಲೆ ಇಟ್ಟು ಮಲಗಿತು. ಅದು ಮಲಗಿದ ಜಾಗದಲ್ಲಿ ಅಮ್ಮ ನೆಟ್ಟು ಬೆಳೆಸಿದ ಅಡಿಕೆ ಮರಗಳ ಸಾಲಿತ್ತು. ನೀರಿಲ್ಲದ ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಉಳಿಸಿದ್ದ ಸಾಲು. ಆ ವರ್ಷವೇ ಮೊದಲ ಹಿಂಗಾರ, ಅಡಿಕೆಯ ಹೂಗೊನೆ, ಬಿಟ್ಟಿತ್ತು. ಐದು ಮರಗಳು ಕೊಂಬೆಗಳಡಿ ಸಿಕ್ಕಿ, ತಲೆ ನೆಲಕ್ಕೆ ಮುಟ್ಟಿ, ಬಿಲ್ಲಿನಂತೆ ಬಾಗಿ ನಿಂತಿದ್ದವು. ಒಂದೂ ಮುರಿದಿರಲಿಲ್ಲ.

ಅಡಿಕೆ ಮರದ ಗುಣವೇ ಅದು. ಬಾಗುತ್ತದೆ, ಬಿಟ್ಟರೆ ಏಳುತ್ತದೆ. ಅಡಿಕೆ ಕೊಯ್ಯುವವರು ತುದಿಯಲ್ಲಿ ಕುಳಿತು ಮರವನ್ನು ತೂಗಿ ಪಕ್ಕದ ಮರ ಹಿಡಿಯುವುದು ಅದನ್ನು ನಂಬಿಯೇ. ನೆಲದಿಂದ ನೋಡಿ ನೋಡಿ ನಮಗೆ ಅದು ಆಟದಂತೆ ಕಾಣುತ್ತದೆ. ಬೇರೆ ಯಾವ ಮರವಾದರೂ ಹಾಗೆ ಬಾಗಿ ಸಿಕ್ಕಿಬಿದ್ದಿದ್ದರೆ ಅಪ್ಪ ಹತ್ತಿರ ಹೋಗುವ ಮೊದಲು ಎರಡು ಸುತ್ತು ಬರುತ್ತಿದ್ದರು. ಅಡಿಕೆ ಮರಕ್ಕೆ ಯಾರು ಹೆದರುತ್ತಾರೆ?

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಇಳಿದೆವು. ನಮ್ಮ ಆಚೀಚೆಯ ಎರಡು ಮನೆಗಳವರೂ ಸುಳ್ಯಕ್ಕೆ ಮದುವೆಗೆ ಹೋಗಿದ್ದರು. ತೋಟಕ್ಕೆ ಇಳಿದರೆ ಫೋನಿಗೆ ಸಿಗ್ನಲ್ ಇಲ್ಲ. ನನ್ನದನ್ನು ಮನೆಯಲ್ಲೇ ಇಟ್ಟಿದ್ದೆ. ಅಮ್ಮ ಕತ್ತಿ ಹಿಡಿದು ಬಂದಳು, ಸಣ್ಣ ಗೆಲ್ಲು, ರೆಂಬೆ ಸವರಲು.

ಮೊದಲ ಮರದ ಮೇಲಿದ್ದ ಕೊಂಬೆಯನ್ನು ಅಪ್ಪ ಕೊಯ್ದರು. ಕೊಂಬೆ ಜಾರಿತು, ಅಡಿಕೆ ಮರ ಸುಯ್ಯೆಂದು ಎದ್ದಿತು. ಎದ್ದ ರಭಸಕ್ಕೆ ತುದಿಯ ಒಂದು ಒಣ ಸೋಗೆ ಕಳಚಿ ಮೂರು ಸಾಲು ಆಚೆ ಹೋಗಿ ಬಿತ್ತು. ಮರ ನಾಲ್ಕೈದು ಸಲ ಆಚೀಚೆ ತೂಗಿ ನೆಟ್ಟಗೆ ನಿಂತಿತು.

"ನೋಡು, ಹಿಂಗಾರ ಕೂಡ ಉದುರಲಿಲ್ಲ!" ಅಪ್ಪ ಮೆಷಿನ್ ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು. ಅಮ್ಮ ಮರದ ಬುಡ ತಟ್ಟಿ ನೋಡಿದಳು. ಆ ವಾರವಿಡೀ ನಗದೆ ಇದ್ದವಳು ನಕ್ಕಳು.

ಎರಡನೆಯದು ಏಳುವಾಗ ಅದರ ಮೇಲೆ ಉಳಿದಿದ್ದ ತೋಳುದ್ದದ ಹೆಬ್ಬಲಸಿನ ತುಂಡೊಂದನ್ನು ಎಸೆಯಿತು. ಅದು ನಮ್ಮ ತಲೆಯ ಮೇಲಿಂದ ಹಾರಿ ಬರೆಗೆ ಬಡಿದು ಮಣ್ಣು ಉದುರಿಸಿತು.

"ಅಪ್ಪ, ಅದು ತಾಗಿದ್ರೆ?"

"ತಾಗ್ಲಿಲ್ಲ ಅಲ್ವಾ?"

"ಮುಂದಿನದ್ದಕ್ಕೆ ಹಗ್ಗ ಹಾಕಿ ಹಿಡಿಯುವ."

"ಹಗ್ಗ ತರ್ಲಿಕ್ಕೆ ಮೇಲೆ ಹತ್ತಿ ಇಳಿಯುವಷ್ಟರಲ್ಲಿ ಮೂರೂ ಎದ್ದು ನಿಲ್ತದೆ ಮಾರಾಯ್ತಿ. ನೀನು ಅಲ್ಲಿ ನಿಲ್ಲು."

ಮೂರನೆಯದು ಸಾಲಿನಲ್ಲೇ ದಪ್ಪದ ಮರ. ಅದರ ಮೇಲೆ ಬಿದ್ದದ್ದು ತೊಡೆಗಾತ್ರದ ಕೊಂಬೆ. ಕೊಂಬೆಯ ಒಂದು ತುದಿ ಹೆಬ್ಬಲಸಿನ ಕಾಂಡಕ್ಕೆ ಅಂಟಿಕೊಂಡೇ ಇತ್ತು. ಇನ್ನೊಂದು ತುದಿ ತೋಟದ ಕಣಿಯನ್ನು ದಾಟಿ ಆಚೆ ನೆಲಕ್ಕೆ ಊರಿತ್ತು. ಕಣಿ ಎಂದರೆ ನೀರು ಹೋಗಲು ಸಾಲುಗಳ ನಡುವೆ ತೋಡಿದ ಮೊಣಕಾಲಾಳದ ಚರಂಡಿ. ಅಪ್ಪ ಆ ಕಣಿಯೊಳಗೆ ಇಳಿದು ನಿಂತರು. ಅಡಿಕೆ ಮರ ಅವರ ಎಡಗಡೆಯ ಬುಡದಿಂದ ಎದ್ದು, ಅವರ ಎದೆಯ ಮುಂದೆ ಬಾಗಿ, ಒಂದು ಮಾರು ಆಚೆ ಕೊಂಬೆಯ ಅಡಿ ನುಸುಳಿ ಸಿಕ್ಕಿಕೊಂಡಿತ್ತು. ಅಂದರೆ ಕೊಂಬೆ ಜಾರಿದರೆ ಮರ ಏಳುವ ದಾರಿಯಲ್ಲಿ ಇದ್ದದ್ದು ಅಪ್ಪನ ಎದೆ ಮತ್ತು ಗದ್ದ.

ಅವರು ಕೊಂಬೆಯ ಮೇಲಿನಿಂದ ಮೆಷಿನ್ನಿನ ಬಾರ್, ಚೈನು ಸುತ್ತುವ ಉದ್ದ ಪಟ್ಟಿ, ಇಳಿಸಿದರು. ಮರದಹುಡಿ ಹಳದಿಯಾಗಿ ಅವರ ಬೂಟಿನ ಮೇಲೆ ಸುರಿಯಿತು. ನಾನು ದೋಟಿ ಮುಟ್ಟಿಸಿದೆ. ಎಡಗೈ ಮೇಲೆದ್ದಿತು: ಒಂದು ನಿಮಿಷ. ನಾನು ಮತ್ತೆ ಮುಟ್ಟಿಸಿದೆ, ಈ ಸಲ ಒತ್ತಿಯೇ.

ಅಷ್ಟರಲ್ಲಿ ಕೊಂಬೆ ಲಟಕ್ಕೆಂದಿತು. ಎರಡೂ ಕಡೆ ಆಧಾರವಿದ್ದ ಕೊಂಬೆ ನಡುವೆ ಕುಸಿದು, ಕೊಯ್ದ ಗಾಯ ಮುಚ್ಚಿಕೊಂಡು ಬಾರನ್ನು ಕಚ್ಚಿ ಹಿಡಿಯಿತು. ಮೆಷಿನ್ ಕೆಮ್ಮಿ ನಿಂತಿತು. ಕೊಂಬೆ ಪೂರ್ತಿ ತುಂಡಾಗದೆ ಕಣಿಯೊಳಗೆ ಒಂದು ಗೇಣು ಇಳಿದು ಅಪ್ಪನ ಬಲಗಾಲನ್ನು ಕಣಿಯ ಗೋಡೆಗೆ ಒತ್ತಿತು.

ದೂರದಲ್ಲಿ ನೆಟ್ಟಣದ ಕಡೆ ರೈಲು ಕೂಗಿತು. ಅಪ್ಪ ಕೂಗಲಿಲ್ಲ. ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅಮ್ಮ ಕೊಂಬೆ ಎತ್ತಲು ಓಡಿದಳು. ಎರಡೂ ಕೈ ಹಾಕಿಯೇಬಿಟ್ಟಳು.

"ಮುಟ್ಬೇಡ!" ಅಪ್ಪ ಮತ್ತು ನಾನು ಒಟ್ಟಿಗೇ ಕೂಗಿದೆವು.

ಅವಳ ಕೈ ತಾಗಿದ್ದಕ್ಕೇ ಅಡಿಕೆ ಮರ ಅರ್ಧ ಗೇಣು ಸರಿದಿತ್ತು. ಈಗ ಅದರ ಕುತ್ತಿಗೆಯನ್ನು ಹಿಡಿದಿದ್ದದ್ದು ಕೊಂಬೆಯಡಿಯ ಒಂದು ಮೋಟು ಗೆಲ್ಲು, ಹೆಬ್ಬೆರಳಿಗಿಂತ ತುಸು ದಪ್ಪ. ಮರದ ತೊಗಟೆ ಅದಕ್ಕೆ ಉಜ್ಜಿ ಕಿರ್ ಕಿರ್ ಎನ್ನುತ್ತಿತ್ತು.

"ಅಪ್ಪ, ಹಿಂದಕ್ಕೆ ವಾಲಲಿಕ್ಕೆ ಆಗ್ತದಾ?"

"ಇಲ್ಲ. ಮೊಣಕಾಲು ಸಿಕ್ಕಿದೆ. ಬಗ್ಗಲಿಕ್ಕೂ ಆಗುದಿಲ್ಲ."

"ನಾನು ಇದನ್ನೇ ಕಡಿದು ಹಾಕ್ತೇನೆ" ಎಂದು ಅಮ್ಮ ಅಡಿಕೆ ಮರಕ್ಕೆ ಕತ್ತಿ ಎತ್ತಿದಳು. ತಾನು ನೆಟ್ಟ ಮರ ಎಂಬುದು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

ಅದನ್ನೂ ತಡೆಯಬೇಕಾಯಿತು. ನಾನು ಮಣ್ಣಿಗೆ ಕೆನ್ನೆ ತಾಗಿಸಿ ಕೆಳಗಿನಿಂದ ನೋಡಿದ್ದೆ. ಅಡಿಕೆ ಮರ ಮೇಲಕ್ಕೆ ಒತ್ತುತ್ತಿದ್ದುದರಿಂದಲೇ ಕೊಂಬೆಯ ಪೂರ್ತಿ ಭಾರ ಕಾಲಿನ ಮೇಲೆ ಬಿದ್ದಿರಲಿಲ್ಲ. ಅದನ್ನು ಒಂದೇಟಿಗೆ ಕಡಿದರೆ ಕೊಂಬೆ ಇಳಿದು ಎಲುಬು ಹುಡಿ ಮಾಡುತ್ತದೆ. ಕಡಿಯದೆ ಕೊಂಬೆ ಎತ್ತಿದರೆ ಮರ ಎದ್ದು ಎದೆಗೆ ಹೊಡೆಯುತ್ತದೆ. ಕೊಲ್ಲುವುದೂ ಅದೇ, ಕಾಯುತ್ತಿರುವುದೂ ಅದೇ.

"ಮೊದಲು ಕೊಂಬೆಗೆ ಕಲ್ಲು ಕೊಡುವ" ಎಂದೆ. "ಆಮೇಲೆ ಮರದ ಬಲ ತೆಗೆಯುವ. ಆಮೇಲೆ ಜಾಕಿ. ಅಮ್ಮ, ಜೀಪಿನ ಜಾಕಿ ತಾ. ನನ್ನ ಫೋನಿಂದ ಆಚೆಮನೆಯವರಿಗೆ ಹೇಳಿಯೂ ಬಾ."

ಅಮ್ಮ ಓಡಿದಳು. ಅವಳು ಹಾಗೆ ಓಡಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಪಂಪ್‌ಶೆಡ್ಡಿನ ಬಳಿ ಕಟ್ಟಿ ಉಳಿದ ಕೆಂಪು ಕಲ್ಲುಗಳಿದ್ದವು. ಒಂದೊಂದನ್ನೇ ಹೊಟ್ಟೆಗೆ ಒತ್ತಿ ಹಿಡಿದು ತಂದೆ. ಕಣಿಯೊಳಗೆ ಅಪ್ಪನ ಕಾಲಿನ ಪಕ್ಕ ಮೊದಲ ಕಲ್ಲು ಇಟ್ಟೆ, ಅದರ ಮೇಲೆ ಎರಡನೆಯದು. ಎರಡನೆಯ ಕಲ್ಲು ಹಳೆಯದು; ಕೈಯಲ್ಲೇ ಬಿರಿದು ಎರಡಾಯಿತು. ಅದನ್ನು ಎಸೆದು ಇನ್ನೊಂದು ತಂದೆ. ಉಳಿದ ಸಂದಿಗೆ ಹೆಬ್ಬಲಸಿನ ಚಕ್ಕೆಗಳನ್ನು ಬೆಣೆಯಾಗಿ ತಳ್ಳಿದೆ. ಬಡಿಯಲಿಲ್ಲ, ಬಡಿದರೆ ಮೋಟು ಗೆಲ್ಲು ಬಿಡುತ್ತದೆ ಎಂಬ ಭಯ. ಹೆಬ್ಬೆರಳಿನಿಂದ ಒತ್ತಿ ಒತ್ತಿ ತಳ್ಳಿದೆ.

ಅಷ್ಟು ಹೊತ್ತೂ ಅಪ್ಪ ಎದೆಯ ಮುಂದಿನ ಮರವನ್ನೇ ನೋಡುತ್ತಿದ್ದರು.

"ಇದರಲ್ಲಿ ಹಿಂಗಾರ ಎರಡು ಉಂಟು" ಎಂದರು.

"ಮಾತಾಡ್ಬೇಡಿ ಅಪ್ಪ."

"ಕೊಂಬೆಯನ್ನೇ ಸ್ವಲ್ಪ ಸ್ವಲ್ಪ ಸರಿಸಿದ್ರೆ ಮರ ಉಳಿತದಾ ಅಂತ..."

ಜಾಕಿ ಹೊತ್ತು ಏದುಸಿರಿನಲ್ಲಿ ಇಳಿದುಬಂದ ಅಮ್ಮನಿಗೆ ಅದು ಕೇಳಿಸಿತು. "ಅದಕ್ಕೆ ಎರಡು ಹಿಂಗಾರ ಇದ್ರೆ ನಿಮಗೆ ಎರಡೇ ಕಾಲು ಇರುದು. ಅಡಿಕೆ ಮತ್ತೆ ನೆಡ್ಲಿಕ್ಕೆ ಆಗ್ತದೆ. ಸುಮ್ಮನೆ ನಿಲ್ಲಿ!"

ಫೋನಿನಲ್ಲಿ ಅಂಗಳದಿಂದಲೇ ಮಾತಾಡಿ ಬಂದಿದ್ದಳು. ಮದುವೆಗೆ ಹೋದ ಆಚೆಮನೆಯವರು ಸುಳ್ಯದಿಂದ ಹೊರಟಿದ್ದರು. ಅವರು ಬರುವವರೆಗೆ ಮೋಟು ಗೆಲ್ಲು ತಡೆಯುತ್ತದೆಯೇ ಎಂದು ನಾವು ಯಾರೂ ಕೇಳಲಿಲ್ಲ. ಮರದ ಕಿರ್ ಕಿರ್ ಸದ್ದು ನಿಂತಿರಲಿಲ್ಲ.

ಮೆಷಿನ್ ಹೇಗೂ ಕೊಂಬೆಯಲ್ಲಿ ಸಿಕ್ಕಿತ್ತು. ಸಿಕ್ಕದಿದ್ದರೂ ನಾನು ಅದನ್ನು ಮುಟ್ಟುತ್ತಿರಲಿಲ್ಲ. ಅದು ಓಡುವಾಗ ಮರ ಏನು ಹೇಳುತ್ತದೆ ಎಂದು ಕೇಳಿಸುವುದಿಲ್ಲ. ಅಡಿಕೆಯ ನಾರು ಚೈನಿಗೆ ಸುತ್ತಿಕೊಂಡರೆ ಎಳೆತ ಎತ್ತ ಹೋಗುತ್ತದೆಂದೂ ಗೊತ್ತಾಗುವುದಿಲ್ಲ. ಅಮ್ಮನ ಕೈಯಿಂದ ಕತ್ತಿ ತೆಗೆದುಕೊಂಡೆ.

ಚಿಕ್ಕಂದಿನಲ್ಲಿ ಅಪ್ಪ ನನಗೆ ಅಡಿಕೆ ಮರ ಸೀಳಿದ ಸಲಕೆಯಿಂದ ಬಿಲ್ಲು ಮಾಡಿಕೊಡುತ್ತಿದ್ದರು. ಬಿಲ್ಲು ಗಟ್ಟಿಯಾಗಿ ನನ್ನ ಕೈಗೆ ಬಗ್ಗದಿದ್ದರೆ ಚಾಕುವಿನಿಂದ ಒಳಮೈಯನ್ನು ಕೆರೆಯುತ್ತಿದ್ದರು. ಒಳಗೆ ಕೆರೆದರೆ ಮೆದುವಾಗುತ್ತದೆ, ಹೊರಮೈಗೆ ಚಾಕು ತಾಗಿದರೆ ಸಿಗಿದು ಕಣ್ಣಿಗೆ ಹಾರುತ್ತದೆ ಎನ್ನುತ್ತಿದ್ದರು. ನಾನು ಬಾಗಿದ ಮರದ ಪಕ್ಕ, ಬುಡಕ್ಕೂ ಅಪ್ಪನಿಗೂ ನಡುವೆ, ನೆಲದಲ್ಲಿ ಕುಳಿತೆ. ಅತಿ ಹೆಚ್ಚು ಬಾಗಿದ್ದ ಕಡೆ, ಕೆಳಮುಖವಾಗಿದ್ದ ಒಳಬದಿಗೆ ಕತ್ತಿಯ ಅಲಗು ತಾಗಿಸಿದೆ.

"ಒಳಗಿಂದ" ಎಂದರು ಅಪ್ಪ, ತಲೆ ಅಲ್ಲಾಡಿಸದೆ. ಅವರಿಗೂ ಅದೇ ಬಿಲ್ಲು ನೆನಪಾಗಿರಬೇಕು.

"ಗೊತ್ತುಂಟು."

ಬೀಸಲಿಲ್ಲ, ಹೆರೆದೆ. ತೆಂಗಿನಕಾಯಿ ಹೆರೆಯುವಷ್ಟು ನಿಧಾನ. ಮೊದಲು ಹಸಿರು ಸಿಪ್ಪೆ, ಆಮೇಲೆ ಬಿಳಿ ನಾರು. ಅಮ್ಮ ಅಪ್ಪನ ಬೆನ್ನ ಹಿಂದೆ ಕಣಿಗಿಳಿದು ಅವರ ಸೊಂಟ ಹಿಡಿದು ನಿಂತಳು. ಮರ ಹೊಡೆದರೆ ಆ ಹಿಡಿತದಿಂದ ಏನೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತು. "ಬಿಡು, ನೀನು ಆಚೆ ಹೋಗು" ಎಂದರು ಅಪ್ಪ. ಅವಳು ಹಿಡಿತ ಬಿಗಿ ಮಾಡಿದಳು.

ಒಳಗೆ ಏನೋ ಚಿಟ್ ಎಂದಿತು. ನಾನು ಕತ್ತಿ ತೆಗೆದೆ. ಮರ ಉಗುರಿನಷ್ಟು ಕೆಳಗಿಳಿದು ನಿಂತಿತು. ಮತ್ತೆ ಹೆರೆದೆ. ಮತ್ತೆ ಚಿಟ್. ಈ ಸಲ ಎರಡು ಮೂರು ಒಟ್ಟಿಗೆ, ಸಾಸಿವೆ ಸಿಡಿದ ಹಾಗೆ. ಎಡ ಅಂಗೈಯನ್ನು ಮರದ ಮೈಗೆ ಒತ್ತಿ ಹಿಡಿದಿದ್ದೆ. ಅದು ಒಳಗಿನಿಂದ ನಡುಗುವುದು ನನ್ನ ಮೊಣಕೈವರೆಗೆ ತಿಳಿಯುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಲು ಕೈ ತೆಗೆಯುವ ಧೈರ್ಯವಾಗಲಿಲ್ಲ. ಎಣಿಸುವ ಅಭ್ಯಾಸದವಳು ನಾನು, ಆ ಹೊತ್ತು ಎಷ್ಟಾಯಿತೆಂದು ಎಣಿಸಲಿಲ್ಲ.

ನಂತರ ಒಳಬದಿ ಮಡಿಕೆ ಬಿದ್ದ ಬಟ್ಟೆಯಂತೆ ಸುಕ್ಕಾಯಿತು. ಮರದ ಬೆನ್ನು ನಿಧಾನ ಕುಗ್ಗಿ, ಅಪ್ಪನ ಎದೆಯ ಮುಂದಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಯ ಮಟ್ಟಕ್ಕೆ ಇಳಿಯಿತು. ಕೊಂಬೆ ಕಲ್ಲುಗಳ ಮೇಲೆ ಕೂತಿತು. ಬೆಣೆಗಳು ನರಳಿದವು. ಮೇಲಿನ ಕಲ್ಲಿನ ಅಂಚು ಪುಡಿಯಾಗಿ ಉದುರಿತು. ಅಪ್ಪ ಹಲ್ಲು ಕಚ್ಚಿದ ಸದ್ದು ಕೇಳಿತು. ಕಲ್ಲು ನಿಂತಿತು.

ನಾನು ಮರವನ್ನು ಕಾಲಿನಿಂದ ಒತ್ತಿ ನೋಡಿದೆ. ಬಲ ಇರಲಿಲ್ಲ, ಒದ್ದೆ ಹಗ್ಗದಂತೆ ಬಿದ್ದಿತ್ತು. ಆಗ ಎರಡು ಏಟಿಗೆ ಕಡಿದು ಬೇರೆ ಮಾಡಿದೆ.

ಜಾಕಿಯನ್ನು ಕಲ್ಲಿನ ಮೇಲಿಟ್ಟು ತಿರುಗಿಸಿದವಳು ಅಮ್ಮ. ಕೊಂಬೆ ಎರಡು ಬೆರಳು ಮೇಲೆದ್ದಾಗ ಅಪ್ಪನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಕಾಲು ಬಂತು, ಬೂಟು ಒಳಗೇ ಉಳಿಯಿತು. ಮೂವರೂ ಕಣಿಯ ಅಂಚಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಅಮ್ಮ ಮೊದಲು ಮಾಡಿದ್ದು ಅಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟದ್ದು.

"ದೋಟಿ ತಾಗಿದ್ದು ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಯ್ತು."

"ಮತ್ತೆ?"

ಅಪ್ಪ ಕಾಲು ನೋಡಿಕೊಳ್ಳುತ್ತಿದ್ದರು.

ಆಚೆಮನೆಯವರು ಮದುವೆಯ ಬಟ್ಟೆಯಲ್ಲೇ ಬಂದು ಅಪ್ಪನನ್ನು ಬರೆ ಹತ್ತಿಸಿದರು. ಜೀಪನ್ನು ಪುತ್ತೂರಿನ ಆಸ್ಪತ್ರೆಗೆ ನಾನೇ ಓಡಿಸಿದೆ. ಕಾಲಿನ ಸಣ್ಣ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಮೆಷಿನ್ ಕೊಂಬೆಯ ಬಾಯಲ್ಲೇ ಉಳಿಯಿತು. ಅದನ್ನು ತರಲು ಅಮ್ಮ ಯಾರನ್ನೂ ಬಿಡಲಿಲ್ಲ. ಅದರ ಮೇಲೆ ಎರಡು ಮಳೆ ಬಂತು. ಅಲ್ಲೇ ಇರಲಿ, ತುಕ್ಕು ಹಿಡಿಯಲಿ, ಬಚ್ಚಲಿಗೆ ಸೌದೆ ಬೇಡ, ಗ್ಯಾಸ್ ಹಾಕುವ ಎಂದಳು. ನಾನು ವಾದಿಸಲಿಲ್ಲ. ಆದರೆ ಉಳಿದ ಎರಡು ಅಡಿಕೆ ಮರಗಳು ಇನ್ನೂ ಕೊಂಬೆಗಳಡಿ ಬಿಗಿದುಕೊಂಡೇ ಇದ್ದವು. ಅಮ್ಮ ದಿನವೂ ಹುಲ್ಲಿಗೆ ಹೋಗುವ ದಾರಿ ಅವುಗಳ ಪಕ್ಕದಲ್ಲೇ. ಒಂದು ಬೆಳಿಗ್ಗೆ ಹುಲ್ಲಿನ ಹೊರೆ ಇಳಿಸಿ, "ಅದು ರಾತ್ರಿ ಹಗಲು ಕಿರ್ ಕಿರ್ ಹೇಳ್ತದೆ. ಎಂತಾದ್ರೂ ಮಾಡು" ಎಂದಳು. ನನಗೇ ಹೇಳಿದ್ದು, ಅಪ್ಪನಿಗಲ್ಲ.

ಆ ಭಾನುವಾರ ಕೈಗರಗಸದಿಂದ ಕೊಂಬೆ ಕೊಯ್ದು ಮೆಷಿನ್ ಬಿಡಿಸಿದೆ. ಬಾರ್ ಬಾಗಿತ್ತು, ಪುತ್ತೂರಿನಿಂದ ಹೊಸದು ತಂದು ಹಾಕಿದೆ. ಮುಂದಿನ ಭಾನುವಾರ ಅಪ್ಪ ಊರುಗೋಲಿನಲ್ಲಿ ಬರೆಯ ಅಂಚಿನವರೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಅಮ್ಮ ದೋಟಿಯನ್ನು ತಂದು ಅವರ ಕೈಗೆ ಕೊಟ್ಟಳು.

ನಾನು ಮೊದಲು ಕತ್ತಿ ಹಿಡಿದು ಎರಡೂ ಅಡಿಕೆ ಮರಗಳ ಒಳಮೈ ಹೆರೆದೆ. ಒಂದರಲ್ಲಿ ಹಿಂಗಾರ ಅರಳಿ ಪರಿಮಳ ಬರುತ್ತಿತ್ತು. ಅಪ್ಪ ಆ ಕಡೆ ಒಮ್ಮೆ ನೋಡಿ ದೋಟಿ ಸರಿಯಾಗಿ ಹಿಡಿದುಕೊಂಡರು. ಎರಡೂ ಸುಸ್ತಾಗಿ ನೆಲಕ್ಕೆ ಮಲಗಿದ ಮೇಲೆ ಕಡಿದು ಬದಿಗೆ ಎಳೆದೆ. ಆಮೇಲೆ ಬರೆಯ ಬುಡದಲ್ಲಿ, ದೋಟಿ ಎಟಕುವಷ್ಟು ದೂರದಲ್ಲಿ ನಿಂತು ಮೆಷಿನ್ ಸ್ಟಾರ್ಟ್ ಮಾಡಿದೆ.

ಹೆಬ್ಬಲಸಿನ ಮೊದಲ ಕೊಂಬೆಯಲ್ಲಿ ಬಾರ್ ಅರ್ಧ ಇಳಿದಿರಬಹುದು, ಬೆನ್ನಿಗೆ ದೋಟಿ ತಾಗಿತು. ಕೂಡಲೇ ನಿಲ್ಲಿಸಿದೆ. ಮೇಲೆ ನೋಡಿದೆ, ಕೊಂಬೆಯ ಎರಡೂ ತುದಿ ನೋಡಿದೆ, ಕಾಲಡಿ ನೋಡಿದೆ. ಎಲ್ಲವೂ ಸರಿಯೇ ಇತ್ತು.

"ಎಂತ ಅಪ್ಪ?"

"ಎಂತ ಇಲ್ಲ" ಎಂದರು ಅಪ್ಪ, ದೋಟಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತ. "ನೀನು ನಿಲ್ಲಿಸ್ತೀಯಾ ಅಂತ ನೋಡಿದ್ದು."